ನಿಮ್ಮ ಎಡಗಡೆಗೆ ನೋಡಿ

"ಸ್ವಲ್ಪ ಸುಮ್ನಿರ್ತೀರಾ? ಅವರು ಮಾತಾಡ್ತಿದ್ದಾರೆ."

ಡ್ರೈವರ್ ಎದುರಿನ ಪುಟ್ಟ ಕನ್ನಡಿಯಲ್ಲೇ ಅವಳನ್ನು ನೋಡಿ ಹೇಳಿದ. ದನಿ ಏರಿಸಲಿಲ್ಲ. ಆದರೆ ಮುಖದಲ್ಲಿ ನಗೆಯೂ ಇರಲಿಲ್ಲ.

ಅವಳು ತೆರೆದ ಬಾಯಿ ತೆರೆದಂತೆಯೇ ಉಳಿಯಿತು.

ಅವಳೇನೂ ಮಹಾಪರಾಧ ಮಾಡಿರಲಿಲ್ಲ. ಪಕ್ಕದಲ್ಲಿದ್ದ ಅಜ್ಜಿಯನ್ನು "ಕಿಟಕಿ ಏರಿಸ್ಲಾ?" ಎಂದು ಕೇಳಿದ್ದಳು, ಅಷ್ಟೇ. ಅದೇ ಹೊತ್ತಿಗೆ ಕಾರಿನ ಸ್ಪೀಕರಿನಲ್ಲಿ ಒಂದು ಹೆಣ್ಣುದನಿ ಶುರುವಾಗಿತ್ತು.

"ನಮಸ್ಕಾರ. ಒಂದೇ ದಿನದಲ್ಲಿ ಇಡೀ ನಗರವನ್ನು ನೋಡುವ ಪಯಣಕ್ಕೆ ಸ್ವಾಗತ. ಆರಾಮಾಗಿ ಕುಳಿತುಕೊಳ್ಳಿ. ಎಲ್ಲಿ ಏನಿದೆ ಎಂದು ನಾನು ಹೇಳುತ್ತೇನೆ…"

ಎಷ್ಟು ಚೆಂದದ ದನಿ! ಹಾಲಿನಲ್ಲಿ ಸಕ್ಕರೆ ಕರಗುವ ಹಾಗೆ ಕಿವಿಯಲ್ಲಿ ಕರಗುತ್ತಿತ್ತು.

ಆ ದನಿ ಅವಳದೇ.

ತನ್ನದೇ ದನಿಗೋಸ್ಕರ ತಾನೇ ಬಾಯಿ ಮುಚ್ಚಿಕೊಂಡು ಕೂರುವ ಗತಿ ಹಗೆಯವರಿಗೂ ಬೇಡ. ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಒಂದು ಕಾಲದಲ್ಲಿ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು. ಬರೆದು ಕೊಟ್ಟಿದ್ದನ್ನು ಅಷ್ಟು ಸೊಗಸಾಗಿ ಹೇಳುತ್ತಿದ್ದಳು. ಲಿಫ್ಟಿನಲ್ಲಿ "ಬಾಗಿಲು ಮುಚ್ಚುತ್ತಿದೆ" ಎನ್ನುವವಳು ಅವಳೇ. ಆಸ್ಪತ್ರೆಗಳಲ್ಲಿ ಟೋಕನ್ ಕೂಗುವವಳು ಅವಳೇ. ಈ ಪ್ರವಾಸದ ಕಾರುಗಳಿಗೆ ಊರಿನ ಕಥೆ ಹೇಳಿದವಳೂ ಅವಳೇ.

ಆಮೇಲೆ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಗಂಟು ಹೋಯಿತು, ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ತುಕ್ಕು ಹಿಡಿದ ಕೀಲಿನಂಥ ಒಂದು ಕರಕರ ಸದ್ದು. ಅಂದಿನಿಂದ ಅವಳು ಎಷ್ಟೇ ಎತ್ತರದ ಕಟ್ಟಡವಾದರೂ ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದಳು. ಲಿಫ್ಟಿನೊಳಗೆ ತನ್ನನ್ನು ತಾನೇ ಎದುರುಗೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಈಗ ಅದೇ ಸ್ಟುಡಿಯೋದಲ್ಲಿ ಬೇರೆಯವರ ಮಾತಿನ ನಡುವಿನ ಕೆಮ್ಮು, ಉಸಿರು, ತೊದಲುಗಳನ್ನು ಕತ್ತರಿಸುವ ಕೆಲಸ ಅವಳದು. ನಾಳೆಯಿಂದ ಈ ಕಾರುಗಳಲ್ಲೆಲ್ಲ ಹೊಸ ಹುಡುಗಿಯೊಬ್ಬಳ ದನಿ ಬರಲಿತ್ತು.

"ಒಂದು ದಿನ ಕಾರಲ್ಲಿ ಕೂತು ಬಾ ಗಿಣಿ. ಎಲ್ಲೆಲ್ಲಿ ಎಷ್ಟು ಹೊತ್ತು ಹಿಡಿಯುತ್ತೆ ನೋಡ್ಕೋ. ಹೊಸ ಮಾತನ್ನ ರಾತ್ರಿಗೇ ಅದಕ್ಕೆ ತಕ್ಕ ಹಾಗೆ ಕೂರಿಸೋಣ" ಎಂದು ಸ್ಟುಡಿಯೋದ ಯಜಮಾನರು ಕಳಿಸಿದ್ದರು. ಡ್ರೈವರಿಗೆ ಅವಳು ಯಾರೆಂದು ಹೇಳಿರಲಿಲ್ಲ. ಹೇಳಿದರೆ ಅವನು ದಿನದಂತೆ ಓಡಿಸುವುದಿಲ್ಲ, ಶಿಸ್ತು ತೋರಿಸುತ್ತಾನೆ ಎಂಬ ಲೆಕ್ಕಾಚಾರ.

ಕಾರಿನಲ್ಲಿ ಇನ್ನಿಬ್ಬರಿದ್ದರು. ಬೇರೆ ಊರಿನಿಂದ ಬಂದ ಅಜ್ಜ, ಅಜ್ಜಿ. ಅಜ್ಜನಿಗೆ ಕಿವಿ ಮಂದ. ಅಜ್ಜಿಗೆ ಅವರಿಬ್ಬರ ಪಾಲಿನ ಮಾತೂ ತನ್ನದೇ ಎಂಬ ನಂಬಿಕೆ.

"ಏನಪ್ಪಾ ಡ್ರೈವರು, ಯಂತ್ರ ಮಾತಾಡೋವಾಗ ಮನುಷ್ಯರು ಮಾತಾಡಬಾರದಾ?" ಎಂದಳು ಅಜ್ಜಿ.

ಅವನು ಕಿವಿಯವರೆಗೂ ಕೆಂಪಾದ. "ತಪ್ಪಾಯ್ತು ಅಜ್ಜಿ. ಇವತ್ತು ಕೊನೇ ದಿನ… ನಾಳೆಯಿಂದ ಈ ದನಿ ಇರಲ್ಲ. ಅದಕ್ಕೇ ಬಾಯಿ ತಪ್ಪಿ ಅಂದ್ಬಿಟ್ಟೆ." ಕನ್ನಡಿಯಲ್ಲಿ ಅವಳತ್ತ ನೋಡಿ, "ಬೇಜಾರು ಮಾಡ್ಕೋಬೇಡಿ ಮೇಡಂ" ಎಂದ.

ಅವಳು ತಲೆಯಾಡಿಸಿದಳು.

ಹಳೆಯ ಮಾರುಕಟ್ಟೆ ದಾಟಿತು. ಮುಂದೆ ಗಡಿಯಾರದ ಗೋಪುರ. ಅದರ ತುದಿ ದೊಡ್ಡ ರಸ್ತೆಯ ಬದಿಯಲ್ಲೇ ಕಾಣುತ್ತಿತ್ತು, ನೆಟ್ಟಗೆ ಹೋಗಿದ್ದರೆ ಸಾಕಿತ್ತು. ಆದರೆ ಕಾರು ಪಕ್ಕದ ಓಣಿಗೆ ನುಗ್ಗಿತು. ಅಲ್ಲಿಂದ ಇನ್ನೊಂದು ಓಣಿ. ತಳ್ಳುಗಾಡಿ, ಮಲಗಿದ ನಾಯಿ, ಒಣಗಲು ಹಾಕಿದ ಬಟ್ಟೆ… ಎಲ್ಲವನ್ನೂ ಬಳಸಿಕೊಂಡು ಕಾರು ಗೋಪುರದ ಹಿಂಬದಿಯ ಬೀದಿಗೆ ಬಂತು.

ಅವಳು ಕೈಗಡಿಯಾರ ನೋಡಿಕೊಂಡಳು. ಇದೇನು ಮೋಸ? ಪೆಟ್ರೋಲು ಕಂಪನಿಯದು ಅಂತ ಊರೆಲ್ಲ ಸುತ್ತುವುದಾ?

ಡ್ರೈವರ್ ಗುಂಡಿ ಒತ್ತಿದ. ಒಂದೊಂದು ಜಾಗಕ್ಕೂ ಒಂದೊಂದು ಗುಂಡಿ.

"ನಿಮ್ಮ ಎಡಗಡೆಗೆ ನೋಡಿ. ನೂರಾರು ವರ್ಷಗಳಿಂದ ಈ ಊರನ್ನು ಎಬ್ಬಿಸುತ್ತಿರುವ ಗಡಿಯಾರದ ಗೋಪುರ…"

"ಬರೀ ಬೆನ್ನು ತೋರಿಸ್ತಿದ್ದೀಯಲ್ಲಪ್ಪಾ, ಮುಖ ಎಲ್ಲಿ?" ಎಂದಳು ಅಜ್ಜಿ.

"ಮುಖ ಆ ಕಡೆ ಇದೆ ಅಜ್ಜಿ. ಆಮೇಲೆ ಅಲ್ಲೂ ಕರ್ಕೊಂಡು ಹೋಗ್ತೀನಿ."

"ಮೊದಲೇ ಅಲ್ಲಿಂದ ಬರಬಹುದಿತ್ತಲ್ಲ?" ಅವಳು ಕೇಳಿಯೇ ಬಿಟ್ಟಳು. ಕರಕರ ದನಿ ಇನ್ನಷ್ಟು ಒರಟಾಗಿ ಹೊರಬಿತ್ತು.

"ಆ ರಸ್ತೆ ಈಗ ಒನ್‌ವೇ ಆಗಿದೆ ಮೇಡಂ. ಅಲ್ಲಿಂದ ಬಂದ್ರೆ ಗೋಪುರ ಬಲಗಡೆಗೆ ಬರುತ್ತೆ. ಅವರು ಎಡಗಡೆ ಅಂದಿದ್ದಾರೆ."

"ಅಂದ್ರೆ?"

"ಬೇರೆ ಕಾರಲ್ಲಿ ಅವರು ಎಡಗಡೆ ನೋಡಿ ಅಂದಾಗ ಎಡಗಡೆ ಒಂದು ಚಪ್ಪಲಿ ಅಂಗಡಿ ಬರುತ್ತೆ. ಜನ ನಗ್ತಾರೆ. ನನ್ನ ಕಾರಲ್ಲಿ ಅವರ ಮಾತಿಗೆ ಯಾರೂ ನಗೋದು ಬೇಡ."

ಅವಳು ದಂಗಾದಳು. ತಾನು ಹಿಂದೆಂದೋ ಉಸಿರೆಳೆಯುವ ಸದ್ದು ಕೇಳಿಸದಂತೆ ಎಚ್ಚರದಿಂದ ಹೇಳಿದ ಒಂದು ಮಾತು. ಅದು ಸುಳ್ಳಾಗಬಾರದೆಂದು ಯಾರೋ ಒಬ್ಬ ದಿನವೂ ಊರ ಓಣಿಗಳನ್ನೆಲ್ಲ ಸುತ್ತುತ್ತಿದ್ದಾನೆ… ಅವನ ಹೆಸರೂ ಅವಳಿಗೆ ಗೊತ್ತಿಲ್ಲ!

"ಏನಂತೆ?" ಎಂದು ಅಜ್ಜ ಕೇಳಿದ.

"ಹುಡುಗನಿಗೆ ತಲೆ ಸರಿ ಇಲ್ವಂತೆ" ಎಂದು ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದಳು.

ಮಧ್ಯಾಹ್ನ ಊಟಕ್ಕೆ ಹೋಟೆಲಿನ ಮುಂದೆ ಕಾರು ನಿಂತಿತು. ನಾಲ್ವರೂ ಒಂದೇ ಮೇಜಿಗೆ ಕೂತರು. ಅವಳಿಗೆ ಕೆಮ್ಮು ಬಂತು. ಅವನು ಎದ್ದು ಹೋಗಿ ಬಿಸಿನೀರು ತಂದಿಟ್ಟ.

"ಕುಡೀರಿ ಮೇಡಂ. ಬೆಳಿಗ್ಗೆಯಿಂದ ನೋಡ್ತಿದ್ದೀನಿ, ನಿಮ್ಮ ಗಂಟಲು ಕೇಳಿದ್ರೆ ಸಂಕಟ ಆಗುತ್ತೆ."

ಲೋಟ ಹಿಡಿದ ಕೈ ಅಲ್ಲೇ ನಿಂತಿತು. ಸಂಕಟ ಆಗುತ್ತೆ… ಆಗದೆ ಇನ್ನೇನು? ಆ ದನಿಗೆ ಕಿವಿ ಒಗ್ಗಿಹೋದವನಿಗೆ ಈ ದನಿ ಕೇಳಿದರೆ ಸಂಕಟವೇ ಆಗಬೇಕು. ಬಿಸಿನೀರಿಗಿಂತ ಆ ಮಾತೇ ಅವಳ ಗಂಟಲನ್ನು ಹೆಚ್ಚು ಸುಟ್ಟಿತು.

ಅಜ್ಜಿ ಬಿಡುವವಳಲ್ಲ. "ಅದ್ಸರಿ, ಆ ಮಾತಾಡೋ ಹುಡುಗಿ ನಿಂಗೆ ಏನಾಗಬೇಕು?"

"ಏನೂ ಆಗಬೇಕಿಲ್ಲ ಅಜ್ಜಿ. ನೋಡೂ ಇಲ್ಲ." ಅವನು ತಟ್ಟೆ ನೋಡುತ್ತ ಹೇಳಿದ. "ನಾನು ಈ ಊರಿಗೆ ಬಂದಾಗ ಒಂದು ಬೀದಿಯೂ ಗೊತ್ತಿರಲಿಲ್ಲ. ಮಾತಾಡ್ಸೋಕೆ ಒಬ್ಬರೂ ಇರಲಿಲ್ಲ. ಅವರು ಹೇಳಿದ ಹಾಗೆ ಓಡಿಸ್ತಾ ಓಡಿಸ್ತಾ ಊರು ಕಲಿತೆ. ಸಂಜೆ ಎಲ್ಲರನ್ನೂ ಇಳಿಸಿದ ಮೇಲೆ ಖಾಲಿ ಕಾರಲ್ಲಿ ಸುಮ್ನೆ ಹಾಕ್ಕೊಂಡು ಹೋಗ್ತಿದ್ದೆ. ಸೇತುವೆ ಕಥೆ ಹೇಳುವಾಗ ಅವರಿಗೆ ನಗು ಬಂದ್ಬಿಡುತ್ತೆ. ತಡ್ಕೋತಾರೆ, ಆದ್ರೂ ಒಂದು ಚೂರು ಹೊರಗೆ ಬಂದಿದೆ. ಬೆಳಿಗ್ಗೆಯಿಂದ ಅದಕ್ಕೇ ಕಾಯ್ತಿರ್ತೀನಿ. ಪ್ರೀತಿ ಅಂತ ಅಂದ್ರೂ ಅನ್ನಿ, ಹುಚ್ಚು ಅಂತ ಅಂದ್ರೂ ಅನ್ನಿ."

ಅವಳ ಕಿವಿ ಬಿಸಿಯಾಯಿತು. ನನ್ನನ್ನ? ಇವನು ನನ್ನನ್ನ…?

"ಹಾಗಾದ್ರೆ ಹೋಗಿ ಹುಡುಕೋದಲ್ವೇನೋ ದಡ್ಡಾ?" ಎಂದಳು ಅಜ್ಜಿ.

"ಹುಡುಕಿದೆ ಅಜ್ಜಿ. ಒಂದು ವರ್ಷದ ಹಿಂದೆ." ಅವನು ನೀರು ಕುಡಿದು ಲೋಟ ಕೆಳಗಿಟ್ಟ. "ಅವರು ಇಲ್ಲ. ತೀರ್ಕೊಂಡ್ರು. ಗಂಟಲು ಆಪರೇಷನ್ ಟೇಬಲ್ ಮೇಲೇ ಹೋಗ್ಬಿಟ್ರಂತೆ."

ಸಿಡಿಲು ಬಡಿದಿದ್ದರೂ ಅವಳು ಅಷ್ಟು ಬೆಚ್ಚುತ್ತಿರಲಿಲ್ಲ.

"ಯಾರು… ಯಾರು ಹೇಳಿದ್ದು ನಿಮಗೆ?"

"ನಮ್ಮ ಡ್ರೈವರುಗಳ ರೂಮಲ್ಲಿ ಎಲ್ಲರಿಗೂ ಗೊತ್ತು ಮೇಡಂ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ. ಆಪರೇಷನ್ ಎಂದು ಒಬ್ಬ ಕೇಳಿಸಿಕೊಂಡ, ಇನ್ನು ರೆಕಾರ್ಡಿಂಗಿಗೆ ಬರುವುದಿಲ್ಲ ಎಂದು ಇನ್ನೊಬ್ಬ ಸೇರಿಸಿದ, ಮೂರನೆಯವನು ಅವಳಿಗೆ ತಿಥಿಯನ್ನೇ ಮಾಡಿ ಮುಗಿಸಿದ. ಸ್ಟುಡಿಯೋಗೆ ಹೋಗಿ ಒಂದು ಮಾತು ಕೇಳೋಣ ಎಂದು ಯಾರಿಗೂ ಹೊಳೆಯಲಿಲ್ಲ. ಸತ್ತವರ ಬಗ್ಗೆ ಏನೆಂದು ಕೇಳುವುದು ಎಂದುಕೊಂಡು ಈ ಹುಡುಗನೂ ಹೋಗಲಿಲ್ಲ.

"ಅಯ್ಯೋ ಪಾಪ. ಎಳೇ ಜೀವ" ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಜ್ಜನಿಗೂ ವಿಷಯ ದಾಟಿಸಿದಳು. ಅಜ್ಜ ಕೈಯಲ್ಲಿದ್ದ ತುತ್ತು ಕೆಳಗಿಟ್ಟು ತಲೆ ತಗ್ಗಿಸಿದ.

ಮೂವರು ತನಗಾಗಿ ದುಃಖಪಡುವುದನ್ನು ಅವಳು ಎದುರಿಗೇ ಕೂತು ನೋಡಿದಳು.

ನಾನು ಬದುಕಿದ್ದೀನಿ. ಇಲ್ಲೇ ಇದ್ದೀನಿ… ಎಂದು ಹೇಳಿದರೆ? ಈ ತುಕ್ಕು ದನಿಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ನಂಬಿದರೂ ಅವನ ಮುಖ ಹೇಗಾಗಬಹುದು? ಸತ್ತವಳನ್ನು ಅವನು ಎದೆಯಲ್ಲಿಟ್ಟುಕೊಂಡಿದ್ದಾನೆ. ಬದುಕಿರುವವಳನ್ನು ಕಂಡರೆ ಆ ಸತ್ತವಳನ್ನೂ ಹೊರಗೆ ಹಾಕಿಬಿಟ್ಟರೆ?

ಅವಳು ಬಿಸಿನೀರನ್ನು ಗುಟುಕರಿಸಿದಳು.

ಮಧ್ಯಾಹ್ನದ ಮೇಲೆ ಅರಮನೆಯ ತೋಟ. "ಕಣ್ಣು ಮುಚ್ಚಿದರೂ ಇಲ್ಲಿಯ ಹೂಗಳು ನಿಮ್ಮನ್ನು ಬಿಡುವುದಿಲ್ಲ" ಎಂದು ಹಳೆಯ ಗಿಣಿ ಕಾರಿನೊಳಗೆ ಉಲಿಯಿತು. ಇಳಿದು ನೋಡಿದರೆ ಎಲ್ಲಿ ನೋಡಿದರಲ್ಲಿ ಹುಲ್ಲು. ಹೂವಿನ ಹೆಸರಿಗೆ ಬಾಗಿಲ ಬಳಿ ನಾಲ್ಕು ಕುಂಡ.

"ಈ ಹುಡುಗಿ ಇದನ್ನೆಲ್ಲ ನೋಡಿ ಹೇಳಿದಳೋ, ಸುಮ್ನೆ ಹೇಳಿದಳೋ?" ಅಜ್ಜಿಗೆ ಅನುಮಾನ.

"ನೋಡದೆ ಹಾಗೆ ಹೇಳೋಕಾಗುತ್ತಾ ಅಜ್ಜಿ? ಆಗ ಹೂವಿದ್ದಿರಬೇಕು. ಅವರು ಎಷ್ಟೋ ಸಲ ಬಂದಿರ್ತಾರೆ."

ಅವನ ನಂಬಿಕೆ ಅವಳನ್ನು ಚುಚ್ಚಿತು. ಒಂದನ್ನೂ ನೋಡಿರಲಿಲ್ಲ ಅವಳು! ಕಿಟಕಿಯೇ ಇಲ್ಲದ ಒಂದು ಕೋಣೆ, ಗೋಡೆಗೆಲ್ಲ ಸ್ಪಂಜು, ಕೈಯಲ್ಲಿ ಹಾಳೆ. ಇದೇ ಊರಲ್ಲಿ ಹುಟ್ಟಿ ಬೆಳೆದೂ ಮನೆ, ಸ್ಟುಡಿಯೋ, ಮನೆ. ಅವಳು ಇವತ್ತೇ ಮೊದಲ ಸಲ ಈ ಊರು ನೋಡುತ್ತಿರುವುದು.

ಸಂಜೆಗೆ ಮುಂಚೆ ಕಾರು ನದಿಯ ಸೇತುವೆ ಹತ್ತಿತು. ಇದಾದ ಮೇಲೆ ಗೋಪುರದ ಮುಖವೊಂದೇ ಬಾಕಿ. ಅವನ ಬೆರಳು ಗುಂಡಿಯ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು. ನಾಳೆಯಿಂದ ಆ ನಗು ಅವನಿಗೆ ಸಿಗುವುದಿಲ್ಲ.

"ಒತ್ತಪ್ಪಾ, ಸೇತುವೆ ಮುಗಿದು ಹೋಗುತ್ತೆ" ಎಂದು ಅಜ್ಜಿ ಮೆಲ್ಲಗೆ ಹೇಳಿದಳು.

ಅವನು ಒತ್ತಿದ.

"ಈ ಸೇತುವೆ ಕಟ್ಟಿ ಮುಗಿದ ದಿನ ಇದರ ಮೇಲೆ ಮೊದಲು ನಡೆಯಬೇಕಾದವರು ಮಹಾರಾಜರು. ಹೂವು ಹಾಸಿದ್ದರು. ವಾದ್ಯದವರು ಕಾಯುತ್ತಿದ್ದರು…"

ಅವಳಿಗೆ ಏನಾಯಿತೋ ಅವಳಿಗೇ ಗೊತ್ತಿಲ್ಲ. ಕನ್ನಡಿಯಲ್ಲಿ ಅವನ ಕಣ್ಣು ತುಂಬಿದ್ದು ಕಾಣಿಸಿತು. ಇಲ್ಲದ ಒಂದು ಸಾವಿಗೆ ಒಬ್ಬ ಮನುಷ್ಯ ಇಷ್ಟು ಅಳಬಾರದು ಎನ್ನಿಸಿತು. ಅಷ್ಟೇ. ಸ್ಪೀಕರಿಗಿಂತ ಒಂದು ಮಾತು ಮುಂದಾಗಿ ಅವಳ ಬಾಯಿಂದ ಬಂತು.

"ಆದರೆ ಮಹಾರಾಜರಿಗಿಂತ ಮೊದಲು ದಾಟಿದ್ದು…"

"ಆದರೆ ಮಹಾರಾಜರಿಗಿಂತ ಮೊದಲು ದಾಟಿದ್ದು" ಎಂದಿತು ಸ್ಪೀಕರು.

"…ಅಗಸರ ಕತ್ತೆ. ಹೂವನ್ನೆಲ್ಲ ತಿಂದುಕೊಂಡು." ಹೇಳುತ್ತಿದ್ದಂತೆ ಅವಳಿಗೆ ತಡೆಯಲಾಗದೆ ನಗು ಬಂತು. ಮೂಗಿನಲ್ಲಿ ಚಿಮ್ಮಿ, ಅರ್ಧಕ್ಕೇ ನಿಂತು, ಉಸಿರಾಗಿ ಹೊರಟ ನಗು.

ಮರುಗಳಿಗೆಯೇ ಸ್ಪೀಕರಿನಿಂದ ಅದೇ ಮಾತು ಬಂತು. ಅದೇ ನಗು.

ಕಾರು ಸೇತುವೆಯ ಕೊನೆಗೆ ಹೋಗಿ ಗಕ್ಕನೆ ನಿಂತಿತು.

ಅವನು ಹಿಂತಿರುಗಿ ನೋಡಿದ. ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ.

"ನಾನು ಸತ್ತಿಲ್ಲ" ಎಂದಳು ಅವಳು. "ದನಿ ಹೋಯ್ತು, ಅಷ್ಟೇ. ಇನ್ನೊಂದು ವಿಷಯ… ಆ ತೋಟ ನಾನು ನೋಡಿರಲಿಲ್ಲ. ಗೋಪುರಾನೂ ನೋಡಿರಲಿಲ್ಲ. ಯಾವುದನ್ನೂ ನೋಡಿರಲಿಲ್ಲ. ಬರೆದು ಕೊಟ್ಟಿದ್ದನ್ನ ಹೇಳಿದೆ. ನೀವು ಇಷ್ಟಪಟ್ಟಿದ್ದರಲ್ಲಿ ನಂದು ಅಂತ ಇದ್ದದ್ದು ಆ ದನಿ ಒಂದೇ. ಅದೂ ಈಗ ಇಲ್ಲ."

ಅವನು ಬಾಗಿಲು ತೆಗೆದು ಇಳಿದವನೇ ಅವಳತ್ತ ತಿರುಗಿಯೂ ನೋಡದೆ ನದಿಯ ಕಡೆ ನಡೆದುಬಿಟ್ಟ.

ಆಯಿತಲ್ಲ… ಎಂದುಕೊಂಡಳು. ಅವಳು ಹೆದರಿದ್ದೇ ಆಗಿತ್ತು. ಹೇಳದೆ ಇದ್ದಿದ್ದರೆ ಅವನ ಎದೆಯಲ್ಲಿ ಒಂದು ಮೂಲೆಯಾದರೂ ಇರುತ್ತಿತ್ತು. ಕೈಯಾರೆ ಅದನ್ನೂ ಕಳೆದುಕೊಂಡಳು.

ಅಜ್ಜಿ ಅವಳ ಕೈ ಹಿಡಿದಳು. "ಕೂತ್ಕೋ ಮಗಳೇ. ಹುಡುಗ ದಿಕ್ಕು ತಪ್ಪಿದ್ದಾನೆ. ಬರ್ತಾನೆ."

"ಬೇಡ ಅಜ್ಜಿ." ಅವಳು ಕೈ ಬಿಡಿಸಿಕೊಂಡು ಇಳಿದಳು. ಬ್ಯಾಗು ಹೆಗಲಿಗೇರಿಸಿ, ಜನರ ನಡುವೆ ನಡೆಯತೊಡಗಿದಳು. ದಾರಿಯುದ್ದಕ್ಕೂ ಕಣ್ಣು ಮಂಜಾಗಿತ್ತು. ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದೂ ತಿಳಿಯಲಿಲ್ಲ. ಊರಿಗೆಲ್ಲ ದಾರಿ ಹೇಳಿದವಳಿಗೆ ಮನೆಯ ದಾರಿ ಯಾವ ಕಡೆ ಎಂದು ಗೊತ್ತಿರಲಿಲ್ಲ.

ಸ್ವಲ್ಪ ದೂರ ಹೋಗಿರಬೇಕು. ಹಿಂದಿನಿಂದ ಹಾರ್ನುಗಳ ಗಲಾಟೆ ಎದ್ದಿತು. ಒಂದು ಕಾರು ಪಾದಚಾರಿ ದಾರಿಗೆ ಒತ್ತಿಕೊಂಡು ಎತ್ತಿನ ಗಾಡಿಯ ವೇಗದಲ್ಲಿ ಬರುತ್ತಿತ್ತು. ಅದರ ಹಿಂದೆ ಇಡೀ ಊರಿನ ವಾಹನಗಳು ಬಯ್ಯುತ್ತ ನಿಂತಿದ್ದವು. ಕಿಟಕಿಯಿಂದ ಅಜ್ಜಿ ಸೊಂಟದವರೆಗೂ ಹೊರಗೆ ಬಾಗಿದ್ದಳು.

"ನಿಂತ್ಕೊಳ್ಳೇ ಮಗಳೇ. ಇವನಿಗೆ ಮಾತು ನಿಂತು ಹೋಗಿದೆ, ಗಾಡಿ ಮಾತ್ರ ಓಡ್ತಿದೆ."

ಅವಳು ನಿಂತಳು.

ಅವನು ಕಾರನ್ನು ಅಲ್ಲೇ ನಿಲ್ಲಿಸಿ ಇಳಿದು ಬಂದ. ಕಣ್ಣು ಕೆಂಡದ ಹಾಗಿತ್ತು. ಮುಖ ತೊಳೆದುಕೊಂಡು ಬಂದವನ ಅಂಗಿಯ ಕೊರಳೆಲ್ಲ ಒದ್ದೆ.

"ಯಾಕೆ ಬಂದ್ರಿ?" ಅವಳ ದನಿ ಇನ್ನಷ್ಟು ಒಡೆದಿತ್ತು. "ನಿಮಗೆ ಬೇಕಾಗಿರೋದು ನನ್ನ ಹತ್ರ ಇಲ್ಲ. ವಾಪಸ್ ಬರಲ್ಲ ಅಂತ ಡಾಕ್ಟರೇ ಹೇಳಿದ್ದಾರೆ. ನನ್ನ ಗಂಟಲು ಕೇಳಿದ್ರೆ ಸಂಕಟ ಆಗುತ್ತೆ ಅಂತ ನೀವೇ ಅಂದ್ರಿ."

"ಸಂಕಟ ಆಗದೆ ಇರುತ್ತಾ?" ಅವನು ಕೊನೆಗೂ ಬಾಯಿ ಬಿಟ್ಟ. "ಅವರೂ ಗಂಟಲಿಂದಲೇ ಹೋದ್ರು ಅಂತ ನಂಬಿದ್ದವನು ನಾನು. ನೀವು ಒಂದೊಂದು ಸಲ ಕೆಮ್ಮಿದಾಗಲೂ ದೇವರೇ ಈ ಹುಡುಗಿಗೂ ಹಾಗೇ ಆಗದೆ ಇರಲಿ ಅನ್ಕೋತಿದ್ದೆ. ನನಗೇನು ಗೊತ್ತಿತ್ತು… ಅವರಿಗೋಸ್ಕರವೇ ಕೇಳ್ಕೋತಿದ್ದೀನಿ ಅಂತ?"

"ಮತ್ತೆ ನನ್ನ ಮುಖನೂ ನೋಡದೆ ಎದ್ದು ಹೋದ್ರಲ್ಲ?"

"ಅಳು ಬಂತು. ಹಾಗೆ ಅತ್ತಿದ್ದು ನಮ್ಮಮ್ಮ ಹೋದಾಗ, ಆಮೇಲೆ ನೀವು ಹೋದ್ರಿ ಅಂತ ಕೇಳಿದಾಗ. ಹೋಗಿಲ್ಲ ಅಂತ ಗೊತ್ತಾದಾಗ್ಲೂ ಹಾಗೇ ಬರುತ್ತೆ ಅಂತ ಗೊತ್ತಿರಲಿಲ್ಲ. ನಿಮ್ಮೆದುರಿಗೆ ನಾಚಿಕೆ ಆಯ್ತು."

"ಆದ್ರೆ ಈ ದನಿ…"

"ಮೇಡಂ." ಅವನು ಅವಳನ್ನು ತಡೆದ. "ಸತ್ತೋದ್ರು ಅಂದ್ಕೊಂಡಿದ್ದವರು ಕಣ್ಣೆದುರಿಗೆ ಬಂದು ನಿಂತ್ರೆ, ದನಿ ಹೇಗಿದೆ ಅಂತ ಯಾರಾದ್ರೂ ನೋಡ್ತಾರಾ?"

ಅವಳು ಮುಖ ಮುಚ್ಚಿಕೊಂಡಳು. ಆಪರೇಷನ್ ಆದಂದಿನಿಂದ ಎಲ್ಲರೂ ಅವಳಿಗೆ ಏನು ಹೋಯಿತು ಎಂದು ಲೆಕ್ಕ ಹಾಕಿದ್ದರು. ಅವಳೂ ಹಾಕಿದ್ದಳು. ಉಳಿದದ್ದನ್ನು ನೋಡಿ ಇಷ್ಟು ಖುಷಿಪಟ್ಟು ಅತ್ತವನು ಇವನೊಬ್ಬನೇ. ನಡುರಸ್ತೆಯೆಂಬುದನ್ನೂ ಮರೆತು ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಹಾರ್ನುಗಳು ಮುಗಿಲು ಮುಟ್ಟಿದ್ದವು. ಅಜ್ಜಿ ಹಿಂದಿನ ವಾಹನದವರಿಗೆಲ್ಲ ಕೈ ಮುಗಿದು ಸಮಾಧಾನ ಹೇಳುತ್ತಿದ್ದಳು.

ಅವನು ಹತ್ತಿರ ಬಂದ. ಮುಟ್ಟಲಿಲ್ಲ. ಬಿಸಿಲಿಗೆ ಅಡ್ಡವಾಗಿ ನಿಂತ, ಅಷ್ಟೇ.

"ಇಷ್ಟು ದಿನ ಕೇಳೋಕೆ ದಾರಿಯೇ ಇರಲಿಲ್ಲ. ಈಗ ಒಂದು ಮಾತು ಕೇಳ್ಲಾ?"

ಅವಳು ಕಣ್ಣೊರೆಸಿಕೊಂಡು ತಲೆಯಾಡಿಸಿದಳು.

"ನಿಮ್ಮ ಮನೇಲಿ ಯಾರನ್ನ ನೋಡಿ ಮಾತಾಡಬೇಕು?"

ಈ ದಿನದ ಕೊಟ್ಟಕೊನೆಯ ಆಘಾತ ಇದು. ಅವಳ ಮುಖ ಕೆಂಪಾಯಿತು.

"ಅಮ್ಮನ್ನ" ಎಂದಳು. "ಆದ್ರೆ ಅಮ್ಮ ಅಷ್ಟು ಬೇಗ ಒಪ್ಪಲ್ಲ."

"ಪರವಾಗಿಲ್ಲ. ನೀವು?"

"ನಾನು ಬೇಗ ಒಪ್ತೀನಿ."